ಯಾರ ತುಂಡು ಮುಂದೆ

ನದಿ ದಂಡೆಯ ಆ ಆಶ್ರಮದಲ್ಲಿ ಗುರು ಚನ್ನಬೋರಯ್ಯನವರು ಕಂಪ್ಯೂಟರಿಗೆ ಓದು ಕಲಿಸುವ ವಿದ್ಯೆ ಹೇಳಿಕೊಡುತ್ತಿದ್ದರು.

ಹಿರಿಯ ಶಿಷ್ಯ ಭೋಗಣ್ಣ. ಹನ್ನೆರಡು ವರ್ಷ ಗುರುಗಳ ಪಂಚೆ ಒಗೆದವನು. ಮೊನ್ನೆ ಮೊನ್ನೆ ಬಂದ ಮಾಯಕ್ಕನಿಗೆ ಗುರುಗಳು ಕೈಯಾರೆ ಮಜ್ಜಿಗೆ ಬಡಿಸಿದ್ದೇ ತಡ, ಅವನ ಹೊಟ್ಟೆಗೆ ಬೆಂಕಿ ಬಿತ್ತು. ಗಂಡನನ್ನು ಬಿಟ್ಟು ಬಂದವಳಂತೆ ಅಂತ ಸ್ನಾನಘಟ್ಟದಲ್ಲೆಲ್ಲ ಪಿಸುಗುಟ್ಟಿದ. ಯಾರೂ ಕೇಳದಿದ್ದರೂ ಹೇಳಿದ, ಪುಣ್ಯಾತ್ಮ.

ಭಕ್ತರ ಪತ್ರಗಳನ್ನು ಯಂತ್ರ ಓದಬೇಕಿತ್ತು. ಪ್ರತಿ ಪತ್ರವೂ ಕೊಟೇಶನ್ ಗುರುತಿನಿಂದ ಶುರು. ಅದೇ ಗುರುತು ಮತ್ತೆ ಬಂದರೆ ಮುಗಿಯಿತು. ಪತ್ರದ ನಡುವೆಯೇ ಆ ಗುರುತು ಬೇಕಾದರೆ? ಅದಕ್ಕೆ ಮುಂಚೆ ಒಂದು ಓರೆಗೆರೆ ಹಾಕಬೇಕು. ಆಗ ಅದು ಮುಕ್ತಾಯವಲ್ಲ, ಬರೀ ಅಕ್ಷರ.

ಗುರುಗಳು ಕೆಲಸ ಹಂಚಿದರು. ಸಾದಾ ಅಕ್ಷರ ಓದುವ ಪ್ರೋಗ್ರಾಂ ತುಂಡು ಭೋಗಣ್ಣನದು. ಓರೆಗೆರೆ ಕಂಡರೆ ಅದನ್ನೂ ಮುಂದಿನ ಗುರುತನ್ನೂ ಒಟ್ಟಿಗೆ ಬಿಡಿಸುವ ತುಂಡು ಮಾಯಕ್ಕನದು. ಜೋಡಿಸುವವನು ಹಿರಿಯ. ಪ್ರತಿ ಅಕ್ಷರಕ್ಕೂ ಮುಂದಿರುವ ತುಂಡಿಗೆ ಮೊದಲ ಪಾಳಿ. ಅದರ ಕೈಲಾಗದಿದ್ದರೆ ಮಾತ್ರ ಹಿಂದಿನದಕ್ಕೆ.

ಭೋಗಣ್ಣ ತನ್ನದನ್ನೇ ಮುಂದಿಟ್ಟ. ಇನ್ನೇನು, ಅವಳದನ್ನು ಇಡುತ್ತಾನೆಯೇ?

ಮಾರನೆಯ ದಿನ ಎಲ್ಲರೆದುರು ಯಂತ್ರಕ್ಕೆ ಒಂದು ಪತ್ರ ಕೊಟ್ಟರು. ಯಾರದೋ ಮನೆಯ ಸೊಸೆ ಬರೆದದ್ದು: ಅತ್ತೆ ನನ್ನನ್ನು "ಕಳ್ಳಿ" ಅಂದದ್ದು ಶುದ್ಧ ಸುಳ್ಳು.

ಕಳ್ಳಿಯ ಎರಡೂ ಬದಿಯ ಗುರುತಿಗೆ ಮುಂಚೆ ನಿಯಮದಂತೆ ಓರೆಗೆರೆ ಹಾಕಿತ್ತು. ಅತ್ತೆ ನನ್ನನ್ನು, ಆಮೇಲೊಂದು ಓರೆಗೆರೆ. ಅಷ್ಟು ಓದಿ ಯಂತ್ರ ನಿಂತೇಬಿಟ್ಟಿತು. ಕೇಳುತ್ತ ಕೂತವರಿಗೆಲ್ಲ ನಿರಾಸೆ.

ಭೋಗಣ್ಣ ಇದಕ್ಕೇ ಕಾದಿದ್ದ. ಮಾಯಕ್ಕನ ತುಂಡು ಜೊಳ್ಳು, ಇವತ್ತೇ ಅವಳನ್ನು ಕಳಿಸಿಬಿಡಿ ಎಂದ. ಮಾಯಕ್ಕ ಗಂಟು ಕಟ್ಟಲು ಎದ್ದಳು.

"ಕೂತ್ಕೊಳ್ಳಮ್ಮ" ಎಂದರು ಗುರುಗಳು.

ಕೀಲಿಮಣೆ ಎಳೆದುಕೊಂಡು ಎರಡು ತುಂಡುಗಳ ಜಾಗ ಅದಲುಬದಲು ಮಾಡಿದರು. ಒಳಗಿನ ಒಂದಕ್ಷರವನ್ನೂ ತಿದ್ದಲಿಲ್ಲ. ಯಂತ್ರ ಕೊನೆತನಕ ಓದಿತು, ಕಳ್ಳಿಯನ್ನೂ ಸೇರಿಸಿ.

ಆಗ ಎಲ್ಲರಿಗೂ ತಿಳಿಯಿತು. ಭೋಗಣ್ಣನ ತುಂಡು ಓರೆಗೆರೆಯನ್ನೂ ಸಾದಾ ಅಕ್ಷರವೆಂದು ನುಂಗಿಹಾಕಿತ್ತು. ಹಾಗಾಗಿ ಅದರ ಪಕ್ಕದ ಗುರುತು ಯಂತ್ರಕ್ಕೆ ಪತ್ರದ ಮುಕ್ತಾಯವಾಗಿ ಕಂಡಿತ್ತು. ಮಾಯಕ್ಕನದಕ್ಕೆ ಪಾಳಿಯೇ ಬಂದಿರಲಿಲ್ಲ.

ಭೋಗಣ್ಣನ ಮುಖ ಸುಟ್ಟ ಬದನೆಕಾಯಿ.

"ಹನ್ನೆರಡು ವರ್ಷ ಆಯ್ತು ಬುದ್ಧಿ. ಇವಳ ಹಿಂದೆ ನಿಂತ್ಕೋಬೇಕಾ ನಾನು?"

ಗುರುಗಳು ಅವನನ್ನೇ ನೋಡಿದರು.

"ಅವಳು ಮುಂದೆ ನಿಂತು ತನ್ನದೊಂದನ್ನು ತಗೊಂಡಳು, ಮಿಕ್ಕಿದ್ದೆಲ್ಲ ನಿನಗೇ ಬಿಟ್ಟಳು. ನೀನು ಮುಂದೆ ನಿಂತಾಗ ಅವಳಿಗೆ ಏನು ಬಿಟ್ಟೆ, ಭೋಗಣ್ಣ?"