ಒಂಟಿಗೈ ಅರವಟ್ಟಿಗೆ

ಹಂಪೆಯ ಹಾಳು ಪಟ್ಟಣಕ್ಕೆ ಹೋಗುವ ಹಳೆಯ ಬಂಡಿದಾರಿಯೊಂದರಲ್ಲಿ, ಬಾಳೆತೋಟಗಳು ಮುಗಿದು ಬಂಡೆಗಳು ಶುರುವಾಗುವ ಕಡೆ, ನಾಲ್ಕು ಕಂಬದ ಸಣ್ಣ ಮಂಟಪವೊಂದಿದೆ. ಪಕ್ಕದಲ್ಲಿ ಒಣಗಿದ ಕಲ್ಲುದೋಣಿ, ಅದರಾಚೆ ಪಂಚಾಯಿತಿಯವರು ಹಾಕಿಸಿದ ನಲ್ಲಿ. ಊರು ನೋಡಲು ಬಂದವರು ಇಲ್ಲಿ ನಿಂತು ನೀರು ಕುಡಿಯುತ್ತಾರೆ. ಅವರಿಗೆ ಬುದ್ಧಿ ಹೇಳುವವರಿಗೂ ಇಲ್ಲಿ ಬರವಿಲ್ಲ. ಯಾವ ಆಟೋ ಹತ್ತಬೇಕು, ಯಾವ ಹೋಟೆಲಿನಲ್ಲಿ ಉಣ್ಣಬಾರದು, ಪಾಸುಪೋರ್ಟು ಎಲ್ಲಿಡಬೇಕು ಎಂದು ಕೇಳದೆಯೇ ಹೇಳುತ್ತಾರೆ. ಸುತ್ತಲಿನ ಹಳ್ಳಿಯವರು ಮಾತ್ರ ಇಲ್ಲಿ ಚೀಲವನ್ನು ಹೆಗಲಿಂದ ಇಳಿಸುವುದಿಲ್ಲ. ಒಂದೇ ಕೈಯನ್ನು ನಲ್ಲಿಗೊಡ್ಡಿ ಕುಡಿದು, ಮಾತಿಲ್ಲದೆ ಮುಂದೆ ಹೋಗುತ್ತಾರೆ. ಮಂಟಪದ ಹೆಸರೇ ಒಂಟಿಗೈ ಅರವಟ್ಟಿಗೆ.

ಹಿಂದೆ ಒಮ್ಮೆ, ಈ ಹಾಳು ಪಟ್ಟಣ ರಾಜಧಾನಿಯಾಗಿ ಮೆರೆಯುತ್ತಿದ್ದ ಕಾಲದಲ್ಲಿ, ಇಲ್ಲಿಂದ ಎರಡು ದಿನದ ಹಾದಿಯ ಒಂದು ಹಳ್ಳಿಯಲ್ಲಿ ಲಕ್ಕವ್ವ ಎಂಬ ಹೆಂಗಸಿದ್ದಳು. ಆಕೆಯ ಅಣ್ಣ ಹುಲುಗಪ್ಪ ಗ್ರಾಮದೇವತೆಯ ಪೂಜಾರಿ. ದೇವಿಯ ಬೆಳ್ಳಿಯ ಮುಖದಲ್ಲಿ ಬಿರುಕು ಬಿಟ್ಟಾಗ ಅದನ್ನು ರಾಜಧಾನಿಯ ಅಕ್ಕಸಾಲಿಗನಲ್ಲಿಗೆ ಒಯ್ಯಬೇಕಾಯಿತು. ಪೂಜಾರಿಯ ಮನೆಯವರೊಬ್ಬರೇ, ಯಾರಿಗೂ ಹೇಳದೆ, ನಡೆದೇ ಒಯ್ಯಬೇಕೆಂಬುದು ಆ ಊರಿನ ಕಟ್ಟಳೆ. ಹುಲುಗಪ್ಪ ಹಾಗೆಯೇ ಹೋದ. ರಾಜಧಾನಿಯ ಛತ್ರದಲ್ಲಿ ಬುತ್ತಿ ಬಿಚ್ಚಿದರೆ ರೊಟ್ಟಿಯ ಕೆಳಗೆ ದೇವಿಯಿರಲಿಲ್ಲ, ಒಂದು ಚಪ್ಪಟೆ ಕಲ್ಲಿತ್ತು. ಊರಿಗೆ ಬಂದು ಅತ್ತುಕೊಂಡು ಹೇಳಿದರೆ ಯಾರು ನಂಬುತ್ತಾರೆ? ಬೆಳ್ಳಿ ಕದ್ದವನು ರೊಟ್ಟಿ ಇಟ್ಟು ಹೋಗುತ್ತಾನೆಯೇ ಎಂದು ನಕ್ಕರು. ಆಮೇಲೆ ನಗುವುದನ್ನೂ ಬಿಟ್ಟರು. ಗುಡಿಯ ಬಾಗಿಲು ಅವನಿಗೆ ಮುಚ್ಚಿತು, ನೆರೆಮನೆಯವರು ಒಲೆ ಹೊತ್ತಿಸಲು ಬೆಂಕಿ ಕೊಡುವುದನ್ನು ನಿಲ್ಲಿಸಿದರು. ಹುಲುಗಪ್ಪ ಹೊಲದ ಗುಡಿಸಲು ಸೇರಿ ಊಟ ಬಿಟ್ಟು ಸೊರಗತೊಡಗಿದ.

ಲಕ್ಕವ್ವನೂ ಮೊದಲು ಅಣ್ಣನನ್ನೇ ಅನುಮಾನಿಸಿದಳು. ಆಕೆಯ ಸ್ವಭಾವವೇ ಅಂಥದು. ಸಂತೆಯಲ್ಲಿ ಉಪ್ಪು ಕೊಂಡರೂ ನೆಕ್ಕಿ ನೋಡುವವಳು. ಆದರೆ ಅಣ್ಣ ಮರಳಿ ತಂದ ಬುತ್ತಿ ಬಿಚ್ಚಿದಾಗ ಆಕೆಯ ಕೈ ನಿಂತುಬಿಟ್ಟಿತು. ತಾನು ಕಟ್ಟಿಕೊಟ್ಟದ್ದು ಎಳ್ಳು ಒತ್ತಿದ ದಪ್ಪ ಸಜ್ಜೆಯ ರೊಟ್ಟಿ. ಇವು ತೆಳ್ಳನೆಯ ಬಿಳಿಜೋಳದ ರೊಟ್ಟಿಗಳು. ಪ್ರತಿಯೊಂದರ ಮೇಲೂ ಬಡಿಯುವಾಗ ಬಳೆಯ ಅಂಚು ತಾಗಿ ಮೂಡಿದ ಅರೆವೃತ್ತದ ಗೆರೆಯಿತ್ತು. ಬೇರೆ ಯಾವಳದೋ ಕೈ. ಎಂದರೆ ಗಂಟಿಗೆ ಗಂಟೇ ಅದಲುಬದಲಾಗಿದೆ.

"ಎಲ್ಲಿ ಇಳಿಸಿದ್ದಿ ಗಂಟು?" ಎಂದು ಅಣ್ಣನನ್ನು ಕೇಳಿದಳು.

"ಎಲ್ಲೂ ಇಲ್ಲವ್ವ. ಅರವಟ್ಟಿಗ್ಯಾಗಿನ ಮುದುಕ ಹೇಳಿದಂಗ ದೇವೀನ ಬುತ್ತ್ಯಾಗ ಇಟ್ಟು, ನೀರು ಕುಡಿಯುವಾಗ ಒಂದೀಟು ಕೆಳಗಿಟ್ಟಿದ್ದೆ, ಅಷ್ಟ."

ಊರವರ ಮುಂದೆ ರೊಟ್ಟಿ ಹಿಡಿದು ನ್ಯಾಯ ಕೇಳಿದರೆ ಮತ್ತೊಮ್ಮೆ ನಕ್ಕಾರೆಂದು ಆಕೆಗೆ ಗೊತ್ತಿತ್ತು. ಒಣಗಿ ಕಟಕಲಾದ ಒಂದು ರೊಟ್ಟಿಯನ್ನು ಸೆರಗಿಗೆ ಕಟ್ಟಿಕೊಂಡು, ಒಂದು ಹಿತ್ತಾಳೆ ತಟ್ಟೆಯನ್ನು ಬುತ್ತಿಯೊಳಗೆ ಹುದುಗಿಸಿಕೊಂಡು ತಾನೇ ಹೊರಟಳು.

ಆಗ ಈ ಅರವಟ್ಟಿಗೆ ನೋಡಿಕೊಳ್ಳುತ್ತಿದ್ದವನು ಬೊಮ್ಮಯ್ಯ ಎಂಬ ಮುದುಕ. ಬಿಸಿಲಲ್ಲಿ ಬಂದವರಿಗೆ ಗಿಂಡಿಯಿಂದ ನೀರು ಹೊಯ್ಯುವುದು, ಜೊತೆಗೆ ರಾಜಧಾನಿಯಲ್ಲಿ ಹೇಗೆ ನಡೆದುಕೊಳ್ಳಬೇಕೆಂದು ಬುದ್ಧಿ ಹೇಳುವುದು ಅವನ ಕಾಯಕ. ಹೆಬ್ಬಾಗಿಲಲ್ಲಿ ತಾನಾಗಿ ಮಾತಾಡಿಸಿದವನ ಹಿಂದೆ ಹೋಗಬೇಡಿ. ಮುತ್ತಿನಂಗಡಿಯ ಸಾಲಿನಲ್ಲಿ ಸುಮ್ಮನೆ ಬೆಲೆ ಕೇಳಬೇಡಿ. ಹರಿಗೋಲಿನವನಿಗೆ ದಡ ಮುಟ್ಟಿದ ಮೇಲೆಯೇ ಕೂಲಿ ಕೊಡಿ. ಆನೆಯ ಗಂಟೆ ಕೇಳಿದರೆ ಜಗುಲಿ ಹತ್ತಿ. ಎಲ್ಲವೂ ಒಳ್ಳೆಯ ಮಾತುಗಳೇ. ಕೊನೆಯ ಮಾತು ಮಾತ್ರ ಎಲ್ಲರಿಗೂ ಒಂದೇ: ಬೆಲೆಯುಳ್ಳದ್ದನ್ನು ಸೊಂಟದಲ್ಲಿ ಇಡಬೇಡಿ, ಬುತ್ತಿಯಲ್ಲಿ ರೊಟ್ಟಿಯ ಕೆಳಗಿಡಿ, ಬುತ್ತಿಯ ಮೇಲೆ ಯಾರೂ ಕಣ್ಣು ಹಾಕುವುದಿಲ್ಲ. ದೂರದವರಿಗೂ ಕೇಳಲೆಂದು ಇದನ್ನೆಲ್ಲ ಗಟ್ಟಿಯಾಗಿ ಹೇಳುತ್ತಿದ್ದ.

ಲಕ್ಕವ್ವ ಮರದ ನೆರಳಲ್ಲಿ ಕೂತು ನೋಡಿದಳು. ಇಷ್ಟು ಸಕ್ಕರೆ ಮಾತಾಡುವವನ ಮೇಲೆ ಆಕೆಗೆ ಮೊದಲೇ ಸಿಟ್ಟು ಬಂದಿತ್ತು. ಮಧ್ಯಾಹ್ನ ಬೊಮ್ಮಯ್ಯ ತನ್ನ ಬುತ್ತಿ ಬಿಚ್ಚಿದ. ತೆಳ್ಳನೆಯ ಬಿಳಿಜೋಳದ ರೊಟ್ಟಿ. ಮೇಲೆ ಅದೇ ಬಳೆಯ ಗೆರೆ. ಸೆರಗಿನೊಳಗೇ ತನ್ನ ರೊಟ್ಟಿಯನ್ನು ಸವರಿ ನೋಡಿಕೊಂಡಳು. ಅಣ್ಣನ ಬಾಳು ಹಾಳು ಮಾಡಿದವನು ಇಲ್ಲಿ ಪುಣ್ಯವಂತನಂತೆ ಕೂತು ಉಣ್ಣುತ್ತಿದ್ದಾನಲ್ಲ ಎಂದು ಕಣ್ಣಲ್ಲಿ ನೀರು ಬಂತು. ಅವನು ಅರ್ಧ ರೊಟ್ಟಿಗಳನ್ನು ಎತ್ತಿ, ಕಂಬಕ್ಕೊರಗಿ ಹಗ್ಗ ಹೊಸೆಯುತ್ತಿದ್ದ ಗೆಳೆಯ ಸಂಕಣ್ಣನಿಗೆ ಕೊಟ್ಟದ್ದನ್ನು ಆಕೆ ಕಂಡಳು, ಆದರೆ ಅತ್ತ ಮನಸ್ಸು ಹರಿಯಲಿಲ್ಲ.

ಎದ್ದು ಹೋಗಿ ನೀರು ಕೇಳಿದಳು. "ಪಟ್ಟಣಕ್ಕ ಹೊಸಬಳೇನು ತಂಗಿ? ಒಡವಿ ಗಿಡವಿ ಇದ್ರ ಬುತ್ತ್ಯಾಗ ಇಟ್ಕೋ," ಎಂದ ಬೊಮ್ಮಯ್ಯ.

"ಇಟ್ಟೀನಿ," ಎಂದಳು ಲಕ್ಕವ್ವ, ನಾಲ್ಕು ಜನಕ್ಕೆ ಕೇಳುವಂತೆ.

"ಹಂಗಾರ ಗಂಟು ಕೆಳಗಿಟ್ಟು ಬೊಗಸಿ ಹಿಡಿ."

ಗಂಟನ್ನು ಕಂಬದ ಬುಡದಲ್ಲಿಟ್ಟಳು. ಆದರೆ ಬೊಗಸೆ ಹಿಡಿಯಲಿಲ್ಲ. ಬಾಗಿ ಬಲಗೈಯೊಂದನ್ನೇ ಒಡ್ಡಿ, ಎಡಗೈಯನ್ನು ಸೆರಗಿನ ಮರೆಯಲ್ಲಿ ಗಂಟಿನ ಮೇಲೆ ಇಟ್ಟಳು. ಒಂದೇ ಕೈಯಲ್ಲಿ ನೀರು ನಿಲ್ಲದೆ ಮೊಣಕೈಗುಂಟ ಸೋರಿ ಹೋಯಿತು. ಆಕೆಗೆ ನೀರಿನ ಧ್ಯಾನವೇ ಇರಲಿಲ್ಲ. ಮುದುಕನ ಕೈಗಳನ್ನೇ ದಿಟ್ಟಿಸುತ್ತಿದ್ದಳು. ಅವನ ಒಂದು ಕೈ ಗಿಂಡಿಯ ಕತ್ತಿನಲ್ಲಿತ್ತು, ಇನ್ನೊಂದು ತಳದಲ್ಲಿತ್ತು. ಎರಡೂ ಅಲ್ಲಿಯೇ ಇದ್ದವು. ಗಂಟು ಮಾತ್ರ ಅಲುಗಿತು.

ಲಕ್ಕವ್ವ ತಿರುಗಿ ನೋಡದೆಯೇ ಗಬಕ್ಕನೆ ಹಿಡಿದಳು. ಹಗ್ಗ ಹೊಸೆದು ದಡ್ಡುಗಟ್ಟಿದ ಮಣಿಕಟ್ಟು ಆಕೆಯ ಮುಷ್ಟಿಯಲ್ಲಿತ್ತು. ಸಂಕಣ್ಣನ ಇನ್ನೊಂದು ಕೈಯಲ್ಲಿ ಅಂಥದೇ ಬಟ್ಟೆಯ ಗಂಟು ಸಿದ್ಧವಾಗಿತ್ತು; ದಾರಿಗರು ಕಿತ್ತು ಬಿಚ್ಚಿದರೆ ಬೊಮ್ಮಯ್ಯ ಆಗತಾನೆ ಕೊಟ್ಟ ರೊಟ್ಟಿ, ಅದರ ಕೆಳಗೊಂದು ಕಲ್ಲು. ತಳವಾರರು ಬಂದು ಸಂಕಣ್ಣ ದಿನವೂ ಕೂರುತ್ತಿದ್ದ ಚಪ್ಪಡಿಯನ್ನು ಎಬ್ಬಿಸಿದರು. ಬಹಳ ಜನರ ಒಡವೆ ಕರಗಿಹೋಗಿತ್ತು, ಆದರೆ ದೇವಿಯ ಬೆಳ್ಳಿಯ ಮುಖ ಹಾಗೆಯೇ ಇತ್ತು. ದೇವರ ಮುಖವನ್ನು ಕರಗಿಸಲು ಪಟ್ಟಣದ ಯಾವ ಅಕ್ಕಸಾಲಿಗನೂ ಒಪ್ಪಿರಲಿಲ್ಲ ಎನ್ನುತ್ತಾರೆ.

ಬೊಮ್ಮಯ್ಯ ಗಿಂಡಿ ಹಿಡಿದೇ ನಿಂತಿದ್ದ. "ನನಗೇನೂ ಗೊತ್ತಿಲ್ಲವ್ವ, ದೇವರಾಣಿ," ಎಂದ.

"ಗೊತ್ತಿಲ್ಲ, ಖರೆ," ಎಂದಳು ಲಕ್ಕವ್ವ. "ಆದ್ರ ರೊಟ್ಟಿ ನಿಂದು, ಮಾತೂ ನಿಂದು. ಅವಂದು ಕೈ ಅಷ್ಟ." ಅಷ್ಟು ಹೇಳಿ ದೇವಿಯನ್ನು ಮಡಿಲಲ್ಲಿ ಕಟ್ಟಿಕೊಂಡು ಹೋದಳು. ಊರು ಮುಟ್ಟಿದವಳು ಗುಡಿಗೆ ಹೋಗದೆ ನೇರ ಹೊಲದ ಗುಡಿಸಲಿಗೆ ಹೋಗಿ, ದೇವಿಯನ್ನು ಅಣ್ಣನ ಕೈಗಿತ್ತು, ಅವನನ್ನು ಮುಂದಿಟ್ಟುಕೊಂಡು ಊರ ನಡುವೆ ನಡೆಸಿಕೊಂಡು ಬಂದಳು. ಅಂದು ನೆರೆಮನೆಯವರು ಬೆಂಕಿ ಹಿಡಿದು ಬಾಗಿಲಲ್ಲಿ ನಿಂತಿದ್ದರಂತೆ. ಲಕ್ಕವ್ವ ತೆಗೆದುಕೊಳ್ಳಲಿಲ್ಲ.

ಮಂಟಪದ ಬಲಗಡೆಯ ಕಂಬದ ಮೇಲೆ ಇಂದಿಗೂ ಒಂದು ಕೆತ್ತನೆಯಿದೆ. ಹೆಂಗಸೊಬ್ಬಳು ಬಾಗಿ ಒಂದು ಕೈಯಲ್ಲಿ ನೀರು ಕುಡಿಯುತ್ತಾಳೆ, ಇನ್ನೊಂದು ಕೈ ಗಂಟಿನ ಮೇಲಿದೆ. ಎದುರಿಗೆ ಗಿಂಡಿ ಹಿಡಿದ ಮುದುಕ. ಅವನ ಕಣ್ಣು, ಮೂಗು, ಕಿವಿಗೆ ತೊಟ್ಟ ಒಂಟಿ ಎಲ್ಲವೂ ಸ್ಪಷ್ಟವಾಗಿವೆ, ಬಾಯಿರುವ ಜಾಗ ಮಾತ್ರ ಬರಿದು. ಯಾರೋ ಒಡೆದಿದ್ದಾರೆಂದು ಪ್ರವಾಸಿಗರಿಗೆ ಗೈಡುಗಳು ಹೇಳುತ್ತಾರೆ. ಹಳ್ಳಿಯ ಹಿರಿಯರು ಹತ್ತಿರ ಕರೆದು ಮುಟ್ಟಿ ನೋಡಿ ಎನ್ನುತ್ತಾರೆ. ಬೆರಳಿಗೆ ಒಡಕು ಸಿಗುವುದಿಲ್ಲ, ಕಲ್ಲು ನುಣುಪಾಗಿದೆ. ಆ ದಿನದಿಂದ ಸಾಯುವವರೆಗೂ ಬೊಮ್ಮಯ್ಯ ಬಂದವರಿಗೆಲ್ಲ ನೀರು ಹೊಯ್ದ, ಒಂದು ಮಾತೂ ಹೇಳಲಿಲ್ಲ. ಕಂಬ ಕೆತ್ತಿಸಿದವನೂ ಅವನೇ. ಬಾಯಿ ಕೆತ್ತಬೇಡವೆಂದು ಕಲ್ಲುಕುಟಿಗನಿಗೆ ಸನ್ನೆಯಲ್ಲೇ ತೋರಿಸಿದನಂತೆ.