ಹುಣಸೆಮರದಡಿಯ ಲಕ್ಷದ ಮೇಲೊಂದು ಬೀಜ

ಎಲ್ಲೋ ಒಂದೂರಂತೆ. ಊರಾಚೆ ಒಂದು ಹುಣಸೆಮರವಂತೆ, ಮರದಲ್ಲೊಂದು ಹೆಣ್ಣುದೆವ್ವವಂತೆ. ಆ ಊರಿನ ಕೆಂಚಣ್ಣ ಒಂದು ದಿನ ಒನಕೆಗೆ ಅಂತ ಆ ಮರದ ಕೊಂಬೆ ಕಡಿದನಂತೆ. ಕಡಿದದ್ದೇ ತಡ, ಕಾಲು ನೆಲಕ್ಕೆ ಅಂಟಿಕೊಂಡಿತು. ಬುತ್ತಿ ತಂದ ಹೆಂಡತಿ ದ್ಯಾವಕ್ಕ ನೋಡ್ತಾಳೆ, ಗಂಡ ಅಲುಗಾಡಲಾರ!

"ಬಿಟ್ಟುಬಿಡು ತಾಯೀ" ಅಂತ ಮರದ ಬುಡಕ್ಕೆ ಬಿದ್ದಳು.

"ನನಗೇ ಬಿಡುಗಡೆ ಇಲ್ಲ ಕಣೇ" ಅಂತು ದೆವ್ವ. "ಇಲ್ಲಿ ಲಕ್ಷದ ಮೇಲೊಂದು ಹುಣಸೆಬೀಜ ಇದಾವೆ. ಒಂದೂ ಮಿಗದ ಹಾಗೆ ಸಮಸಮ ಗುಡ್ಡೆ ಆದ್ರೆ ನಾನೂ ಹೋಗ್ತೀನಿ, ನಿನ್ನ ಗಂಡನನ್ನೂ ಬಿಡ್ತೀನಿ. ಒಂದೊಂದೇ ಬೀಜದ ಗುಡ್ಡೆ ಅನ್ನಬೇಡ, ಎಲ್ಲಾ ಸೇರಿ ಒಂದೇ ಗುಡ್ಡೆ ಅನ್ನಬೇಡ. ಗುಡ್ಡೆಗೆಷ್ಟು ಹೇಳು, ನಾನು ಊದಿ ಜೋಡಿಸ್ತೀನಿ. ತಪ್ಪಿದ ಹಾಗೆಲ್ಲಾ ಅವನು ಕಲ್ಲಾಗ್ತಾನೆ. ಹೊತ್ತು ಮುಳುಗಿದ್ರೆ ಪೂರಾ ಕಲ್ಲು."

ದ್ಯಾವಕ್ಕ "ಎರಡು" ಅಂದಳು. ದೆವ್ವ ಊದಿತು. ಒಂದು ಬೀಜ ಮಿಕ್ಕಿತು, ಗಂಡ ಮೊಣಕಾಲವರೆಗೆ ಕಲ್ಲಾದ. "ಮೂರು" ಅಂದಳು. ಎರಡು ಮಿಕ್ಕವು, ಸೊಂಟದವರೆಗೆ ಕಲ್ಲಾದ. ಗಾಬರಿಯಲ್ಲಿ "ಏಳು" ಅಂದುಬಿಟ್ಟಳು. ಆರು ಮಿಕ್ಕವು, ಕುತ್ತಿಗೆವರೆಗೆ ಕಲ್ಲಾದ.

"ದ್ಯಾವೀ, ಉಸಿರು ಕಟ್ತಾ ಇದೆ ಕಣೇ" ಅಂದ ಕೆಂಚಣ್ಣ.

ಇನ್ನೊಂದು ತಪ್ಪಿದರೆ ಆ ದನಿಯೂ ಇಲ್ಲ. ಹೊತ್ತು ಬೇರೆ ಇಳೀತಾ ಇತ್ತು. ದ್ಯಾವಕ್ಕ ಮರದ ಕಡೆ ತಿರುಗಿದಳು.

"ತಾಯೀ, ನೀನು ಎಷ್ಟರವರೆಗೆ ಗುಡ್ಡೆ ಮಾಡಿ ನೋಡಿದ್ದೀ?"

"ಕೈಬೆರಳು ಮುಗಿಯೋವರೆಗೂ ನೋಡಿದೆ. ಎರಡರಿಂದ ಹತ್ತರವರೆಗೆ ಯಾವುದಕ್ಕೂ ಬಗ್ಗಲಿಲ್ಲ. ಅಲ್ಲಿಗೇ ಬಿಟ್ಟೆ."

ಹಾಗಾದರೆ ಹನ್ನೊಂದು? ಹೇಳಲು ಧೈರ್ಯ ಬರಲಿಲ್ಲ. ನೂರು ಬೀಜ ಎಣಿಸಿ ಸೆರಗಿಗೆ ಹಾಕಿಕೊಂಡು, ಹನ್ನೊಂದು ಹನ್ನೊಂದು ಮಾಡಿ ಇಟ್ಟಳಂತೆ. ಒಂಬತ್ತು ಗುಡ್ಡೆ ಆಗಿ ಒಂದು ಮಿಕ್ಕಿತು.

"ನೂರಕ್ಕೆ ಒಂದು ಮಿಗುತ್ತೆ. ಲಕ್ಷ ಅಂದ್ರೆ ಸಾವಿರ ನೂರು, ಸಾವಿರ ಬೀಜ ಮಿಗ್ತಾವೆ. ಆ ಸಾವಿರ ಅಂದ್ರೆ ಮತ್ತೆ ಹತ್ತು ನೂರು. ಅದಕ್ಕೆ ಹತ್ತು ಮಿಗ್ತಾವೆ…"

ಹತ್ತು ಮಿಗ್ತಾವೆ! ಗಂಡನ ಮುಖ ನೋಡಲಾರದೆ ತಲೆ ತಗ್ಗಿಸಿ ಕೂತಳು. ಸೂರ್ಯ ಗುಡ್ಡದ ನೆತ್ತಿ ಮುಟ್ಟಿದ. ಆಗ ತಟ್ಟನೆ ಹೊಳೆಯಿತಂತೆ. ಬರೀ ಲಕ್ಷ ಅಲ್ಲವಲ್ಲ, ಲಕ್ಷದ ಮೇಲೊಂದು! ಹತ್ತಕ್ಕೆ ಆ ಒಂದು ಸೇರಿದರೆ ಹನ್ನೊಂದು, ಅದೇ ಕೊನೆಯ ಗುಡ್ಡೆ!

"ಹನ್ನೊಂದು ತಾಯೀ, ಹನ್ನೊಂದು!"

ದೆವ್ವ ಊದಿತು. ಬೀಜಗಳು ಚಟಪಟ ಹಾರಿ ಹಾರಿ ಕೂತವು. ಕೊನೆಯ ಗುಡ್ಡೆಗೆ ಒಂಬತ್ತು, ಹತ್ತು… ದ್ಯಾವಕ್ಕ ಕಣ್ಣು ಮುಚ್ಚಿಕೊಂಡಳು. ಮರ ಒಮ್ಮೆ ಬಿಕ್ಕಿದ ಹಾಗಾಯಿತು. ಆಮೇಲೆ ಎಲೆಯೂ ಅಲುಗಲಿಲ್ಲ.

ಹೆಗಲ ಮೇಲೆ ಒಂದು ಕೈ ಬಿತ್ತು. ಬೆಚ್ಚಗಿತ್ತು.

"ಏಳೇ, ಮನೆಗೆ ಹೋಗೋಣ" ಅಂದನಂತೆ ಕೆಂಚಣ್ಣ.

ಹೋದರು, ಉಂಡರು, ಕಾಲು ಚಾಚಿ ಮಲಗಿದರು. ಅವರಿಗೆ ಬಂದ ನಿದ್ದೆ ಕಥೆ ಕೇಳಿದ ನಿಮಗೂ ಬರಲಿ.