ಹವಾಲ್ದಾರ್ ದುರದುಂಡಪ್ಪನ ಫ್ಲೆಕ್ಸು

ಘಟಪ್ರಭಾ ಹೊಳೆಯ ದಂಡೆಗೆ ಒಂದು ಊರು. ಆ ಊರಲ್ಲಿ ಎಮ್ಮೆ ಇಲ್ಲದ ಮನೆ ಸಿಗಬಹುದು, ಮಿಲಿಟರಿಗೆ ಹೋದವರಿಲ್ಲದ ಮನೆ ಸಿಗುವುದು ಕಷ್ಟ. ಅಲ್ಲಿ ದುರದುಂಡಪ್ಪ ಎಂಬ ಹವಾಲ್ದಾರನಿದ್ದ. ಇಪ್ಪತ್ತನಾಲ್ಕು ವರ್ಷ ಸೈನ್ಯದಲ್ಲಿದ್ದ. ಇಪ್ಪತ್ತನಾಲ್ಕೂ ವರ್ಷ ಅಡುಗೆ ಮಾಡಿದ.

ಹೌದು, ಅಡುಗೆ. ನಗುವವರು ಈಗಲೇ ನಕ್ಕುಬಿಡಿ, ಮುಂದೆ ಆಗಲಿಕ್ಕಿಲ್ಲ.

ಹಿಮದ ಬೆಟ್ಟದ ಮೇಲೆ ಬೇಳೆ ಸುಮ್ಮನೆ ಬೇಯುವುದಿಲ್ಲ. ಹಿಂದಿನ ಬೆಂಚಿನ ಹುಡುಗರ ಹಾಗೆ, ಎಷ್ಟು ಕಾಯಿಸಿದರೂ ಗಟ್ಟಿ. ದುರದುಂಡಪ್ಪ ಅದರ ಮುಂದೆ ತಾಸುಗಟ್ಟಲೆ ಕೂತು, ಸ್ಟೋವಿಗೆ ಪಂಪು ಹೊಡೆದು ಬೇಯಿಸುತ್ತಿದ್ದ. ಬೆಂದದ್ದನ್ನು ಕ್ಯಾನಿಗೆ ತುಂಬಿ, ಬೆನ್ನಿಗೆ ಕಟ್ಟಿಕೊಂಡು, ಮೇಲಿನ ಚೌಕಿಯಲ್ಲಿ ಕಾವಲಿದ್ದವರಿಗೆ ಬಿಸಿ ಆರುವುದರೊಳಗೆ ಮುಟ್ಟಿಸುತ್ತಿದ್ದ.

ರಜೆಗೆ ಬಂದರೂ ಸೌಟು ಬಿಡುತ್ತಿರಲಿಲ್ಲ. ಹೆಂಡತಿ ಬಾಳವ್ವನನ್ನು ಒಲೆ ಮುಂದಿನಿಂದ ಎಬ್ಬಿಸಿ, "ನೀ ಹತ್ತ ತಿಂಗಳ ಡ್ಯೂಟಿ ಮಾಡೀದಿ. ಈಗ ನಿಂದ ರಜಾ" ಎಂದು ತಾನೇ ರೊಟ್ಟಿ ಬಡಿಯುತ್ತಿದ್ದ. "ಅಯ್ಯ, ಗಂಡಸಾಗಿ!" ಎಂದು ಅವನ ತಾಯಿ ಗೊಣಗುತ್ತಿದ್ದಳು. ಗೊಣಗುತ್ತಲೇ ಮೂರು ರೊಟ್ಟಿ ಮುಗಿಸುತ್ತಿದ್ದಳು. ಮುಂದೆ ಮಗಳು ಬಾಣಂತನಕ್ಕೆ ಬಂದಾಗ ಅಂಟಿನುಂಡಿ ಕಟ್ಟಿದ್ದೂ ಅವನೇ.

ಇದೆಲ್ಲ ಊರಿಗೇ ಗೊತ್ತಿತ್ತು. ಸಂಕಟ ಆದದ್ದು ಒಬ್ಬನಿಗೆ ಮಾತ್ರ, ಮಗ ಅಡಿವೆಪ್ಪನಿಗೆ. ಅವನು ಓದಲು ಪರ ಊರಿನ ಹಾಸ್ಟೆಲ್ಲಿಗೆ ಹೋದಾಗ ಯಾರೋ ಕೇಳಿದರು: "ನಿಮ್ಮಪ್ಪ ಎಷ್ಟ ಮಂದಿ ವೈರಿ ಹೊಡದಾನಲೇ?"

"ಏಳು" ಅಂದ ಅಡಿವೆಪ್ಪ.

ಸುಳ್ಳು ಅನ್ನುವುದು ಎಮ್ಮೆಗರು ಇದ್ದ ಹಾಗೆ, ಮೇವು ಹಾಕಿದಷ್ಟೂ ಬೆಳೆಯುತ್ತದೆ. ಅವನು ಬಸ್ ಕಂಡಕ್ಟರ್ ಆಗುವಷ್ಟರಲ್ಲಿ ಏಳು ಹೋಗಿ ನಲವತ್ತಾಗಿತ್ತು. ಡಿಪೋದವರು ನಂಬಿದರು. ಹೆಣ್ಣು ಕೊಟ್ಟ ಬೀಗರೂ ನಂಬಿದರು.

ಒಮ್ಮೆ ಅದು ಅಪ್ಪನ ಕಿವಿಗೂ ಬಿತ್ತು. ಅವನು ಬೈಯಲಿಲ್ಲ. "ಅಷ್ಟ ಮಂದೀನ ಕೊಂದಿದ್ರ, ಅವತ್ತ ಅವರ ಮನ್ಯಾಗ ಯಾರ ಉಣ್ಣತಿದ್ರೋ ತಮ್ಮಾ?" ಅಂದ, ಅಷ್ಟೆ.

ಎಪ್ಪತ್ತೊಂದನೆಯ ವಯಸ್ಸಿಗೆ ದುರದುಂಡಪ್ಪ ತೀರಿಕೊಂಡ. ಹನ್ನೊಂದನೆಯ ದಿನ ಮನೆ ಮುಂದೆ ಪೆಂಡಾಲು ಹಾಕಿ ಶ್ರದ್ಧಾಂಜಲಿ ಸಭೆ ಇಟ್ಟರು. ಊರವರು ಬಂದರು, ಡಿಪೋದವರು ಬಂದರು, ಬೀಗರು ಬಂದರು. ಮುಂದಿನ ಸಾಲಿನಲ್ಲಿ ಮಾಜಿ ಸೈನಿಕರು ಪದಕ ಹಾಕಿಕೊಂಡು ಕೂತರು. ಅಡಿವೆಪ್ಪ ಹನ್ನೆರಡಡಿಯ ಫ್ಲೆಕ್ಸ್ ಮಾಡಿಸಿ ತಂದಿದ್ದ. ಪರದೆ ಸರಿಸಿದರು.

'ವೈರಿಗಳ ಎದೆ ನಡುಗಿಸಿದ ಮಹಾವೀರ' ಎಂಬ ಅಕ್ಷರ. ಕಮಾಂಡೋ ಉಡುಪು, ಉಬ್ಬಿದ ತೋಳು, ಕೈಯಲ್ಲಿ ಮಷಿನ್ ಗನ್ನು, ಹಿಂದೆ ಎರಡು ಹೆಲಿಕಾಪ್ಟರ್, ಅದರ ಹಿಂದೆ ಬೆಂಕಿ. ಇಷ್ಟೆಲ್ಲದರ ಮೇಲೆ, ಪಿಂಚಣಿ ಪುಸ್ತಕದ ಫೋಟೋದಿಂದ ಕತ್ತರಿಸಿ ಅಂಟಿಸಿದ ದುರದುಂಡಪ್ಪನ ಮುಖ. ಕತ್ತರಿಸುವ ಅವಸರದಲ್ಲಿ ಒಂದು ಕಿವಿ ಅರ್ಧ ಹಾರಿಹೋಗಿತ್ತು.

ಮೊದಲ ಮಾಲೆ ಹೆಂಡತಿಯದು. ಬಾಳವ್ವ ಮಾಲೆ ಹಿಡಿದು ಬಂದಳು. ಮೇಲೆ ನೋಡಿದಳು, ಕೆಳಗೆ ನೋಡಿದಳು, ನಿಂತೇಬಿಟ್ಟಳು.

"ಹಾಕ ಯವ್ವಾ, ಮಂದಿ ಕಾಯಾಕತ್ತಾರ" ಎಂದ ಮಗ.

"ಯಾರಿಗೋ?"

"ಅಪ್ಪಗ!"

"ಕುತ್ತಿಗೀ ಮ್ಯಾಲ ನಿಮ್ಮಪ್ಪ ಅದಾನ, ಖರೆ. ಕುತ್ತಿಗೀ ಕೆಳಗ ಯಾರೋ ಏನೋ. ಈ ವಯಸ್ಸಿನ್ಯಾಗ ಪರಗಂಡಸಿಗೆ ಮಾಲಿ ಹಾಕಂತೀ?"

ಮಕ್ಕಳು ಕಿಸಕ್ಕೆಂದರು. ಅಡಿವೆಪ್ಪನ ಕಿವಿ ಕೆಂಪಾದವು. "ಯವ್ವಾ, ಬೀಗರ ಮುಂದ ಮರ್ಯಾದಿ ಪ್ರಶ್ನೆ" ಎಂದು ಪಿಸುಗುಟ್ಟಿದ.

ಬಾಳವ್ವ ಪಿಸುಗುಟ್ಟಲಿಲ್ಲ. "ನಿಮ್ಮಪ್ಪನ ಬಲಗೈ ಮೊಣಕೈತನಕ ಸುಟ್ಟಿತ್ತು. ಸ್ಟೋವ್ ಭಗ್ ಅಂದಾಗ, ಚೌಕಿಯವರ ದಾಲ್ ಚೆಲ್ಲಬಾರ್ದಂತ ಹಿಡದ ಪಾತ್ರಿ ಬಿಡಲಿಲ್ಲ ಅಂವಾ. ಅದ ಕೈಲೇ ನಿನಗ ಜ್ವರ ಬಂದಾಗ ಗಂಜಿ ಕುಡಿಸ್ಯಾನ. ಈ ಕೈಯಾಗ ಒಂದ ಸುಟ್ಟ ಕಲಿ ಇಲ್ಲ. ನಲವತ್ತಾರ ವರ್ಷ ಹಿಡದ ಕೈ ನನಗ ಗುರ್ತ ಸಿಗೂದಿಲ್ಲೇನು? ಅಂವಾ ಒಮ್ಮೆ ಸತ್ತಾನ. ನೀ ಇನ್ನೊಮ್ಮೆ ಸಾಯಿಸಬ್ಯಾಡ."

ಅಡಿವೆಪ್ಪನಿಗೆ ಎರಡೇ ದಾರಿ. ಅವ್ವನ ಕೈ ಹಿಡಿದು ಮಾಲೆ ಹಾಕಿಸಿದರೆ ಸುಳ್ಳು ಉಳಿಯುತ್ತದೆ, ಅಪ್ಪ ಹೋಗುತ್ತಾನೆ. ಬಾಯಿ ಬಿಟ್ಟರೆ ಅಪ್ಪ ಉಳಿಯುತ್ತಾನೆ, ಇವನ ಮಾನ ಹೋಗುತ್ತದೆ.

ಸ್ವಲ್ಪ ಹೊತ್ತು ಫ್ಲೆಕ್ಸಿನ ಕೈಯನ್ನೇ ನೋಡಿದ. ಆಮೇಲೆ ಮೈಕು ತೆಗೆದುಕೊಂಡ.

"ನಮ್ಮಪ್ಪ ಯಾರನ್ನೂ ಕೊಂದಿಲ್ರಿ. ಆ ನಲವತ್ತೂ ಮಂದೀನ ನಾನ ಬಾಯಿಲೇ ಕೊಂದೀನಿ. ನಮ್ಮಪ್ಪ ಅಡಗಿ ಮಾಡ್ತಿದ್ದ."

"ಬರೇ ಅಡಗಿಯವನೇನು?" ಡಿಪೋದವರ ಸಾಲಿನಿಂದ ಒಂದು ದನಿ ಬಂತು.

ಮುಂದಿನ ಸಾಲಿನಲ್ಲಿದ್ದ ಸುಬೇದಾರ್ ಲಗಮಣ್ಣ ಕೋಲೂರಿಕೊಂಡು ಎದ್ದ. ಯುದ್ಧ ಮಾಡಿ ಬಂದವನು, ಊರಲ್ಲಿ ಎಲ್ಲರಿಗಿಂತ ಹೆಚ್ಚು ಪದಕ ಅವನ ಎದೆಯ ಮೇಲೆ.

"ಬರೇ ಅಂದಾಂವ ಯಾಂವ? ನಾ ಗುಂಡ ಹಾರಿಸೀನಿ. ಖಾಲಿ ಹೊಟ್ಟೀಲೆ ಎಷ್ಟ ದಿನಾ ಹಾರಿಸ್ತಿದ್ದೆ? ಬೆಟ್ಟದ ಮ್ಯಾಲ ಕುಂತಾಗ ನಾವ ದಾರಿ ನೋಡ್ತಿದ್ದದ್ದು ಜನರಲ್ ಸಾಹೇಬ್ರದಲ್ಲೋ ತಮ್ಮಾ, ದಾಲ್ ಹೊತ್ತಕೊಂಡ ಬರಾವಂದು."

ಕೇಳಿದವನು ಎದ್ದು ನಿಂತು ತಲೆ ತಗ್ಗಿಸಿದ. ಅಡಿವೆಪ್ಪ ತಾನೇ ಫ್ಲೆಕ್ಸಿನ ಹಗ್ಗ ಬಿಚ್ಚಿದ. ಹೆಲಿಕಾಪ್ಟರು ಮೊದಲು ನೆಲಕ್ಕಿಳಿಯಿತು, ಆಮೇಲೆ ಕಮಾಂಡೋ.

ಬಾಳವ್ವ ಒಳಗೆ ಹೋಗಿ ಅಂಗೈಯಗಲದ ಒಂದು ಫೋಟೋ ತಂದಳು. ಬನಿಯನ್ ಹಾಕಿದ ಮುದುಕ, ಸುಟ್ಟ ಕೈಮೇಲೆ ಆಗಷ್ಟೇ ಹುಟ್ಟಿದ ಮೊಮ್ಮಗಳು. ದೊಡ್ಡ ಫ್ಲೆಕ್ಸಿಗೆಂದು ತಂದ ಮಾಲೆ ಆ ಫೋಟೋಕ್ಕೆ ಐದು ಸುತ್ತು ಬಂತು. ಮುಖ ಮುಚ್ಚದ ಹಾಗೆ ಹೂ ಸರಿಸಿದಳು.

ಅಡಿವೆಪ್ಪ ಅವಳ ಪಕ್ಕ ನಿಂತು ಗಳಗಳ ಅಳತೊಡಗಿದ.

"ಅಳೂದ ಆಮ್ಯಾಲ" ಅಂದಳು ಬಾಳವ್ವ. "ಬಂದ ಮಂದಿ ಹಸದಾರ. ನಡಿ, ಬಡಸ ನಡಿ."

ನೀತಿ: ತೀರಿಹೋದವರನ್ನು ಇದ್ದ ಹಾಗೆಯೇ ನೆನೆಯಬೇಕು. ಇಲ್ಲದ ದೊಡ್ಡಸ್ತಿಕೆ ಅಂಟಿಸಲು ಹೋದರೆ ಅವರಲ್ಲಿದ್ದ ದೊಡ್ಡತನವನ್ನೇ ಕತ್ತರಿಸಿ ಎಸೆದಂತೆ. ಇನ್ನು, ಉಣ್ಣಲು ಹಾಕಿದವರನ್ನು 'ಬರೇ ಅಡುಗೆಯವರು' ಅನ್ನಬೇಡಿ. ಅನ್ನಲೇಬೇಕಿದ್ದರೆ ಎರಡು ದಿನ ಉಪವಾಸವಿದ್ದು ಆಮೇಲೆ ಅನ್ನಿ.